ಮೆಲ್ಬರ್ನ್ ಗೋಡೆಗೆ ಶಹಾಬಾದಿನ ಸುಣ್ಣ

ಕಸ್ಟಮ್ಸ್ ಮೇಜು

ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಅವ್ವನ ಎಲೆಯಡಿಕೆಯ ಚಂಚಿಯನ್ನು ಮೇಜಿನ ಮೇಲೆ ಬಿಚ್ಚಿಸಿದರು. ನೀಲಿ ಕೈಗವಸು ಹಾಕಿದ್ದ ಅಧಿಕಾರಿಣಿ ವೀಳ್ಯದೆಲೆಗಳನ್ನು ಒಂದೊಂದಾಗಿ ತೆಗೆದು ಹಳದಿ ಡಬ್ಬಕ್ಕೆ ಹಾಕಿದಳು. ಅಡಿಕೆಯೂ ಅಲ್ಲಿಗೇ ಹೋಯಿತು. ಹಸಿ ಎಲೆ, ಬೀಜ, ಮಣ್ಣು ಯಾವುದೂ ಆ ದೇಶದೊಳಕ್ಕೆ ಹೋಗುವಂತಿಲ್ಲ. ಇಳಿಯುವ ಮೊದಲೇ ಫಾರಂನಲ್ಲಿ ಎಲ್ಲವನ್ನೂ ಬರೆದುಕೊಟ್ಟಿದ್ದರಿಂದ ದಂಡ ಬೀಳಲಿಲ್ಲ. ಕೊನೆಗೆ ಉಳಿದದ್ದು ಹಿತ್ತಾಳೆಯ ಒಂದು ಸಣ್ಣ ಡಬ್ಬಿ. ಅದನ್ನು ತೆರೆದು ಮೂಸಿ, ಬೆಳಕಿಗೆ ಹಿಡಿದು, ಇನ್ನೊಬ್ಬ ಅಧಿಕಾರಿಗೂ ತೋರಿಸಿ, ಮರಳಿ ಅವ್ವನ ಕೈಗಿಟ್ಟಳು. ಅದರಲ್ಲಿದ್ದದ್ದು ಸುಣ್ಣ.

“ಎಲಿ ಇಲ್ಲ, ಅಡಿಕಿ ಇಲ್ಲ. ಬರೇ ಸುಣ್ಣ ತಗೊಂಡು ಏನ್ ಮಾಡ್ಲಿ? ಗ್ವಾಡಿಗಿ ಹಚ್ಚಲೇನು?” ಎಂದು ಅವ್ವ ನನ್ನನ್ನು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಮೂರು ವಾರದ ನಂತರ ಸಿಕ್ಕಿತು.

ನಮ್ಮದು ಕಾಗಿಣಾ ಹೊಳೆಯ ದಂಡೆಯ ಮನೆತನ. ಅಜ್ಜನ ಕಾಲಕ್ಕೆ ಹೊಳೆಯ ಕೆಲಸ ಬಿಟ್ಟು ಶಹಾಬಾದಿಗೆ ಬಂದು ಕಲ್ಲಿನ ಕೆಲಸಕ್ಕೆ ನಿಂತವರು. ಅಪ್ಪ ಮನೆಗಳಿಗೆ ಫರಸಿ, ಅಂದರೆ ನಮ್ಮ ಶಹಾಬಾದಿನ ನೆಲಗಲ್ಲು, ಹಾಸುತ್ತಿದ್ದ. ಅವ್ವ ಅವನ ಜೊತೆ ಚಿತ್ತಾಪುರ, ವಾಡಿ, ಸೇಡಂ, ಚಿಂಚೋಳಿ ಎಲ್ಲ ಕಡೆ ಹೋಗಿ ಮೂವತ್ತು ವರ್ಷ ನೆಲ ಹಾಸಿದ್ದಾಳೆ. ನಾನು ಕಲಬುರಗಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು. ತಂಗಿ ರೇಣುಕಾ ನರ್ಸ್. ಆಗ ಆರು ವರ್ಷದಿಂದ ಮೆಲ್ಬರ್ನಿನ ಒಂದು ವೃದ್ಧರ ಆರೈಕೆ ಮನೆಯಲ್ಲಿ ಕೆಲಸಕ್ಕಿದ್ದಳು. ಅವಳ ಗಂಡ ಭೀಮಾಶಂಕರ ಸೇಡಂನವನು, ವೆಲ್ಡರ್.

ಆರು ವರ್ಷದಲ್ಲಿ ಅವರು ನಾಲ್ಕು ಬಾಡಿಗೆ ಮನೆ ಬದಲಿಸಿದ್ದರು. ಈಗ ಐದನೆಯದನ್ನೂ ಖಾಲಿ ಮಾಡಲು ಹನ್ನೆರಡು ವಾರದ ನೋಟಿಸು ಬಂದಿತ್ತು. ಈ ಸಲ ಸ್ವಂತ ಮನೆ ಎಂದು ಇಬ್ಬರೂ ಗಟ್ಟಿ ಮಾಡಿಕೊಂಡಿದ್ದರು. ದುಡಿದದ್ದೆಲ್ಲ ಒಂದೇ ಮನೆಗೆ ಹೋಗುವುದರಿಂದ ತಪ್ಪಿದರೆ ಎರಡನೇ ಸಲ ಆರಿಸುವ ಶಕ್ತಿ ಉಳಿಯುವುದಿಲ್ಲ. ಅದಕ್ಕೇ ರೇಣುಕಾ ಅವ್ವನನ್ನು ಕರೆಸಿಕೊಂಡಿದ್ದಳು; ಜೊತೆಗೆ ನಾನೂ ಹೋಗಿದ್ದೆ.

ಅವರ ಕೋಣೆಯ ಮೂಲೆಯಲ್ಲಿ ಬಿಚ್ಚದ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಅದರಲ್ಲಿ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಫರಸಿ. ರೇಣುಕಾಳ ಮದುವೆಯಾದ ವರ್ಷ ಅಪ್ಪ ತಾನೇ ಕೈಯಿಂದ ತಿಕ್ಕಿ ನುಣುಪು ಮಾಡಿ, “ನಿನ್ನ ಮನಿ ಹೊಸ್ತಲಕ್ಕ ಹಾಕ್ಸು” ಎಂದು ಕೊಟ್ಟಿದ್ದ ಕಲ್ಲು. ಬಾಡಿಗೆ ಮನೆಯ ಹೊಸ್ತಿಲು ಕೀಳುವಂತಿಲ್ಲ. ಹಾಗಾಗಿ ಅದು ಮನೆಯಿಂದ ಮನೆಗೆ ಪೆಟ್ಟಿಗೆಯಲ್ಲೇ ತಿರುಗುತ್ತಿತ್ತು.

ಅವರ ಚಿಂಚೋಳಿ

ಫೋನಿನಲ್ಲಿ ಅವ್ವನಿಗೆ ತಿಳಿಯಲಿ ಎಂದು ತಂಗಿ, ಭೀಮಾಶಂಕರ ಇಬ್ಬರೂ ಅಲ್ಲಿನ ಬಡಾವಣೆಗಳಿಗೆಲ್ಲ ನಮ್ಮ ಕಡೆಯ ಊರುಗಳ ಹೆಸರಿಟ್ಟಿದ್ದರು. ಕೋರ್ಟು, ಕಚೇರಿ, ದೊಡ್ಡ ಮಾರುಕಟ್ಟೆ ಇರುವ ಕಡೆ ಚಿತ್ತಾಪುರ. ಅದು ಕೈಗೆಟುಕುವುದಿಲ್ಲ ಎಂದು ಮೊದಲೇ ಬಿಟ್ಟಾಗಿತ್ತು. ಗುಡ್ಡ, ಕಾಡು, ಕೆರೆಯ ಕಡೆಯದು ಚಿಂಚೋಳಿ. ಬಯಲಿನ ಹೊಸ ಬಡಾವಣೆ ಸೇಡಂ. ರೈಲು ಹಳಿಗಳು ಕೂಡುವ ಊರು ವಾಡಿ. ನಾನೂ ಆ ಹೆಸರುಗಳನ್ನೇ ಬಳಸುತ್ತೇನೆ. ನಿಜ ಹೆಸರು ಬರೆದರೆ, ನಾವು ನೋಡಿದ ನಾಲ್ಕು ಮನೆಗಳ ಗುಣದೋಷವನ್ನು ಇಡೀ ಊರಿಗೆ ಅಂಟಿಸಿದಂತಾಗುತ್ತದೆ.

ಮೊದಲ ಶನಿವಾರ ಚಿಂಚೋಳಿಗೆ ಹೋದೆವು. ದಾರಿಯಲ್ಲಿ ಒಂದು ಜಲಾಶಯ ಬಂತು. ಏರಿಯ ಮೇಲೆ ಜನ ನಾಯಿ ಹಿಡಿದು ನಡೆಯುತ್ತಿದ್ದರು. “ನಮ್ಮ ಚಂದ್ರಂಪಳ್ಳಿ ಡ್ಯಾಮಿಗಿಂತ ಸಣ್ಣದದ” ಎಂದು ಅವ್ವ ಅಳೆದಳು.

ಅಲ್ಲಿ ಮನೆ ತೋರಿಸುವುದಕ್ಕೆ ಅರ್ಧ ಗಂಟೆಯ ಹೊತ್ತು ನಿಗದಿಯಾಗಿರುತ್ತದೆ. ಬಾಗಿಲಲ್ಲಿ ಹೆಸರು ಬರೆಸಬೇಕು, ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ತೊಡಬೇಕು. ಅವ್ವ ಚಪ್ಪಲಿ ಹೊರಗೇ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದಳು. ಏಜೆಂಟ್ ಆ ಬರಿಗಾಲಿಗೂ ಎರಡು ಚೀಲ ಕೊಟ್ಟ.

ಫರಸಿ ಹಾಸುವವರ ಪರೀಕ್ಷೆ ಒಂದೇ. ಬೀಗದ ಕೈಯಿಂದ ತಟ್ಟಿ ಸದ್ದು ಕೇಳುವುದು. ಕೆಳಗೆ ಗಚ್ಚು ಸರಿಯಾಗಿ ತುಂಬಿದ್ದರೆ ಕಲ್ಲು ಗಟ್ಟಿ ದನಿ ಕೊಡುತ್ತದೆ. ಗಾಳಿ ಉಳಿದಿದ್ದರೆ ಡೊಳ್ಳಿನಂತೆ ಅನ್ನುತ್ತದೆ. ಅವ್ವ ಸೆರಗಿನ ಗಂಟಿನಿಂದ ಶಹಾಬಾದಿನ ಮನೆಯ ಕೀಲಿ ತೆಗೆದು ಗೋಡೆ ತಟ್ಟಿದಳು. ಏಜೆಂಟ್ ಮುಂಬಾಗಿಲಿಗೆ ಹೋಗಿ ಯಾರು ಬಂದರೆಂದು ನೋಡಿ ಬಂದ. ಅವ್ವ ನೆಲ ತಟ್ಟಿದಳು. ಅವನು ಮತ್ತೆ ಬಾಗಿಲಿಗೆ ಹೋದ. ಮೂರನೇ ಸಲ ಹೋಗಿ ಬಂದ ಮೇಲೆ ಅವನಿಗೆ ಸದ್ದಿನ ಮೂಲ ತಿಳಿಯಿತು.

“ರೇಣುಕಾ, ನಡಿ ಹೊರಗ” ಎಂದಳು ಅವ್ವ. “ಈ ಮನಿ ಇವತ್ತೋ ನಾಳೆನೋ ಬೀಳ್ತದ. ಎಲ್ಲಿ ತಟ್ಟಿದ್ರೂ ಒಳಗ ಏನೂ ಇಲ್ಲ.”

ಭೀಮಾಶಂಕರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಅತ್ತಿ, ಈ ದೇಶದಾಗ ಗ್ವಾಡಿನೇ ಹಿಂಗ್ ಇರ್ತಾವ್ರಿ. ಕಟ್ಟಗಿ ಚೌಕಟ್ಟು, ಮ್ಯಾಲ ಹಲಗಿ. ಹಿಂಗ ತಟ್ಕೋತ ಹೊಂಟ್ರ ಇಡೀ ಮೆಲ್ಬರ್ನ್ ಫೇಲ್ ಆಗ್ತದ್ರಿ.”

“ಮತ್ತ ಮಳಿ ಗಾಳಿಗಿ?”

“ನೂರು ವರ್ಷದ ಮನಿ ಅವ್ರಿ ಇಲ್ಲಿ, ಹಿಂಥಾವೇ.”

ಅವ್ವ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಚಿಂಚೋಳಿಯನ್ನು ನಾವು ಬಿಟ್ಟದ್ದು ಗೋಡೆಯ ಸದ್ದಿಗಲ್ಲ, ದೂರಕ್ಕೆ. ರೇಣುಕಾ ಕೆಲಸಕ್ಕೆ ಹೋಗಿ ಬರಲು ದಿನಕ್ಕೆ ಅರ್ಧ ಹಗಲೇ ಬೇಕಾಗುತ್ತಿತ್ತು. ಮುಂದಿನ ವಾರವೆಲ್ಲ ಅಳಿಯ ಊಟದ ಮೇಜನ್ನು ತಟ್ಟಿ, “ಅತ್ತಿ, ಇದು ಪಾಸಾ ಫೇಲಾ?” ಎಂದು ಕೇಳುತ್ತಿದ್ದ. ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಅವರ ಸೇಡಂ

ಭೀಮಾಶಂಕರನ ಮನಸ್ಸಿದ್ದದ್ದು ಸೇಡಂ ಮೇಲೆ. ನಗರದ ಪಶ್ಚಿಮಕ್ಕೆ ಮರವಿಲ್ಲದ ಬಯಲು. ಹೊಸ ರಸ್ತೆ, ಹೊಸ ಶಾಲೆ, ಸಾಲು ಸಾಲು ಮನೆ. ತನ್ನ ಊರಿನ ಹೆಸರನ್ನು ಅದಕ್ಕೆ ಇಟ್ಟವನೂ ಅವನೇ. ಸೋಮವಾರ ಸಹಿ ಹಾಕುವುದೆಂದು ಫಾರಂ ತುಂಬಿ ಇಟ್ಟಿದ್ದ.

ಮಾದರಿ ಮನೆ ಹೊಳೆಯುತ್ತಿತ್ತು. ಮೇಜಿನ ಮೇಲೆ ಗಾಜಿನ ಬುಟ್ಟಿಯಲ್ಲಿ ನಿಂಬೆಹಣ್ಣು ಇಟ್ಟಿದ್ದರು. ಅವ್ವ ಒಂದು ಹಿಂಡಿ ನೋಡಿದಳು; ಪ್ಲಾಸ್ಟಿಕ್. ಅವಳು ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲದೆ ಪಕ್ಕದ ಖಾಲಿ ಜಾಗಕ್ಕೆ ನಡೆದಳು. ಬೇಸಿಗೆ ಮುಗಿಯುತ್ತ ಬಂದಿತ್ತು. ನೆಲ ಬಾಯಿ ಬಿಟ್ಟಿತ್ತು. ಅವ್ವ ಕುಳಿತು ಒಂದು ಬಿರುಕಿನೊಳಗೆ ಕೈ ಇಳಿಸಿದಳು. ಮಣಿಕಟ್ಟಿನವರೆಗೆ ಹೋಯಿತು. ಹೆಂಟೆಯೊಂದನ್ನು ಮುರಿದು, ಉಗುಳು ಹಚ್ಚಿ, ಬೆರಳಲ್ಲಿ ತಿಕ್ಕಿದಳು.

“ಅಳಿಯಾರ, ನೀವು ಹೆಸರು ಬರೋಬ್ಬರಿ ಇಟ್ಟೀರಿ. ಇದು ಎರಿ ಭೂಮಿ.”

ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಉಬ್ಬುವ ಮಣ್ಣು. ಸೇಡಂ ಕಡೆ ತೊಗರಿಗೆ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ಮನೆ ಕಟ್ಟುವವರು ಮಾತ್ರ ಅದನ್ನು ಗಟ್ಟಿ ನೆಲ ಸಿಗುವ ತನಕ ತೋಡಿ ತೆಗೆಯುತ್ತಾರೆ.

“ಅತ್ತಿ, ಇಲ್ಲಿ ಇಂಜಿನಿಯರ್ ಲೆಕ್ಕ ಹಾಕಿ ಬುನಾದಿ ಹಾಕ್ತಾರ್ರಿ.”

“ಹಾಕ್ಲಿ. ನಾ ಬ್ಯಾಡ ಅನ್ಲಿಕತ್ತಿಲ್ಲ. ಹೊಸ ಫರಸಿ ಎಲ್ಲಾನೂ ಚಂದ ಕಾಣ್ತದ. ಮೂರು ಮಳಿ ಕಂಡ ಮನಿ ತೋರ್ಸಂತ ಹೇಳ್ರಿ.”

ರೇಣುಕಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಏಜೆಂಟ್ ನಕ್ಕು, ಮಾರಾಟಕ್ಕಿರುವುದು ಹೊಸವು ಮಾತ್ರ ಎಂದ. ಅವ್ವ ಆಗಲೇ ರಸ್ತೆಗೆ ಇಳಿದಿದ್ದಳು. ಮೂರು ಬೀದಿ ದಾಟಿ, ಅಂಗಳದ ಗಿಡ ತಕ್ಕಮಟ್ಟಿಗೆ ಬೆಳೆದಿದ್ದ ಒಂದು ಮನೆಯ ಮುಂದೆ ನಿಂತು ಗಂಟೆ ಒತ್ತಿದಳು. ಗುರುತಿಲ್ಲದವರ ಬಾಗಿಲು ಹೀಗೆ ಬಡಿಯುವುದು ಅಲ್ಲಿನ ರೂಢಿಯಲ್ಲ ಎಂದು ರೇಣುಕಾ ಹೇಳುವಷ್ಟರಲ್ಲಿ ಬಾಗಿಲು ತೆರೆಯಿತು. ಪೂರ್ತಿ ಅಲ್ಲ, ಅರ್ಧ. ಒಳಗಿನಿಂದ ಒಬ್ಬ ಎತ್ತರದ ಸೂಡಾನಿನ ಮನುಷ್ಯ ಭುಜ ಕೊಟ್ಟು ನೂಕಿದ ಮೇಲೆ ಪೂರ್ತಿ ತೆರೆಯಿತು. ಅವನು ಟ್ಯಾಕ್ಸಿ ಓಡಿಸುವವನು. ವಿಷಯ ಕೇಳಿ ಜೋರಾಗಿ ನಕ್ಕು ಒಳಗೆ ಕರೆದ.

ತನ್ನ ಮನೆಯ ದೋಷಗಳನ್ನು ಅವನಷ್ಟು ಸಂತೋಷದಿಂದ ತೋರಿಸಿದವರನ್ನು ನಾನು ಕಂಡಿಲ್ಲ. ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಿರುಕು. ಬೇಸಿಗೆಯಲ್ಲಿ ಬಿಗಿದು ಚಳಿಗಾಲಕ್ಕೆ ಸಡಿಲವಾಗುವ ಬಾಗಿಲು. ಅಡುಗೆಮನೆಯ ನೆಲದ ಮೇಲೆ ಒಂದು ಈರುಳ್ಳಿ ಇಟ್ಟ. ಅದು ಒಂದು ಕ್ಷಣ ಯೋಚಿಸಿ ತಾನಾಗಿಯೇ ಕಿಟಕಿಯತ್ತ ಹೊರಟಿತು. ಭೀಮಾಶಂಕರ ಅದು ಗೋಡೆಗೆ ತಾಗುವವರೆಗೂ ನೋಡುತ್ತ ನಿಂತ.

ಶುಂಠಿ ಹಾಕಿದ ಕಾಫಿ ಕುಡಿದ ಮೇಲೆ ಅವ್ವ ಮನೆಯ ಸುತ್ತ ಒಂದು ಸುತ್ತು ಹಾಕಿದಳು. ಛಾವಣಿಯ ನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುವಂತಿತ್ತು. “ಇವರಿಗೆ ಹೇಳ್. ಈ ನೀರು ಗ್ವಾಡಿ ಬುಡಕ್ಕ ಬಿಡಬ್ಯಾಡ, ದೂರ ಸಾಗ್ಸು ಅಂತ. ಅರ್ಧ ತ್ರಾಸು ಕಡಿಮಿ ಆಗ್ತದ.” ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ.

ಒಂದು ಮನೆ ನೋಡಿ ಇಡೀ ಬಡಾವಣೆ ಕೆಟ್ಟದ್ದೆನ್ನುವುದು ಸರಿಯಲ್ಲ. ಎದುರಿನ ಎರಡು ಮನೆಗಳು ಗಟ್ಟಿಯಾಗಿಯೇ ನಿಂತಿದ್ದವು. ಆದರೆ ಭೀಮಾಶಂಕರ ಕಾರಿನಲ್ಲಿ ಕುಳಿತು ಸೋಮವಾರದ ಫಾರಂ ಮಡಿಚಿ ಜೇಬಿಗೆ ಹಾಕಿದ. ಅಂದಿನಿಂದ ಮೇಜು ತಟ್ಟುವುದೂ ನಿಂತಿತು.

ಅವರ ವಾಡಿ

ಉಳಿದದ್ದು ವಾಡಿ. ಹಳೆಯ ಬಡಾವಣೆಗೆ ತಾಗಿಕೊಂಡು ಹೊಸದು ಬೆಳೆಯುತ್ತಿದ್ದ ಕಡೆ. ಮೂರು ದಿಕ್ಕಿನ ಹಳಿಗಳು ಕೂಡುವ ನಿಲ್ದಾಣ; ಗೂಡ್ಸ್ ಹೋದಾಗ ಕಿಟಕಿಗಳು ನಡುಗುತ್ತವೆ. ಮನೆ ನೋಡಲು ಬಂದವರಲ್ಲಿ ಹಲವರು ಆ ಸದ್ದಿಗೇ ತಿರುಗಿ ಹೋದರು. ಅವ್ವನ ಮುಖ ಮಾತ್ರ ಅರಳಿತು. “ಈಗ ಊರಿಗಿ ಬಂದಂಗ ಆತ್ ನೋಡು.” ರೇಣುಕಾಳ ಕೆಲಸದ ಜಾಗ ಅಲ್ಲಿಂದ ಎರಡೇ ನಿಲ್ದಾಣ.

ಏಳು ವರ್ಷ ಹಳೆಯ ಇಟ್ಟಿಗೆ ಮನೆ. ಒಳಗೆಲ್ಲ ಚೊಕ್ಕಟ. ಆದರೆ ಹೊರಗೆ, ಹಿಂಬದಿಯ ಗೋಡೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಕಿಟಕಿಯ ಕೆಳಗೆ ಒಂದು ಬಿರುಕು. ಬಂದವರು ಒಬ್ಬರಾದ ಮೇಲೆ ಒಬ್ಬರು ಅದರ ಫೋಟೋ ತೆಗೆದು ತಲೆಯಾಡಿಸಿ ಹೋಗುತ್ತಿದ್ದರು. ರೇಣುಕಾ ಅದನ್ನು ನೋಡಿ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನೋಟಿಸಿನ ಹನ್ನೆರಡು ವಾರದಲ್ಲಿ ಐದು ಉಳಿದಿದ್ದವು. “ಮತ್ತ ಬಾಡಿಗಿ ಮನಿನೇ ಹುಡುಕಬೇಕು, ಅಕ್ಕಾ. ಆ ಪೆಟ್ಟಿಗಿ ಬಿಚ್ಚೂದು ನನ್ನ ಹಣ್ಯಾಗ ಬರ್ದಿಲ್ಲ.”

“ಯಾರದು ಈ ಮನಿ?” ಎಂದಳು ಅವ್ವ.

ಮನೆ ತೋರಿಸುವ ಹೊತ್ತಿನಲ್ಲಿ ಮನೆಯವರು ಹೊರಗೆ ಹೋಗಿಬಿಡುವುದು ಅಲ್ಲಿನ ಪದ್ಧತಿ. ಮಾರುವವರೂ ಕೊಳ್ಳುವವರೂ ಮುಖ ನೋಡುವುದಿಲ್ಲ. ಅವ್ವನಿಗೆ ಇದು ಒಪ್ಪಿಗೆಯಾಗಲಿಲ್ಲ. ರಸ್ತೆಯ ಆಚೆ ನಿಂತಿದ್ದ ಕಾರಿನಲ್ಲಿ ಒಬ್ಬ ಹೆಂಗಸು ಈ ಮನೆಯನ್ನೇ ನೋಡುತ್ತ ಕುಳಿತಿರುವುದು ಅವಳ ಕಣ್ಣಿಗೆ ಬಿತ್ತು. ಹೋಗಿ ಕಾರಿನ ಗಾಜು ತಟ್ಟಿದಳು. ಮನೆಯೊಡತಿಯೇ ಅದು, ವಿಯೆಟ್ನಾಂ ಮೂಲದವಳು, ಬೇಕರಿ ನಡೆಸುವವಳು. ಎರಡು ನಿಮಿಷದಲ್ಲಿ ಅವ್ವ ಕಾರಿನೊಳಗೆ ಅವಳ ಪಕ್ಕದಲ್ಲಿದ್ದಳು. ರೇಣುಕಾ ಹಿಂದಿನ ಸೀಟಿನಲ್ಲಿ ಕುಳಿತು ಎರಡೂ ಕಡೆಯ ಮಾತು ದಾಟಿಸುತ್ತಿದ್ದಳು.

ಬಿರುಕು ಬಿಟ್ಟದ್ದು ಎರಡನೇ ವರ್ಷ. ನೆಲದೊಳಗಿನ ನೀರಿನ ಪೈಪು ಒಡೆದಿತ್ತು. ಪೈಪು ಬದಲಿಸಿದ ಮೇಲೆ ಬಿರುಕು ಇದ್ದ ಹಾಗೇ ಇದೆ. ಆದರೆ ಹೇಳಿದರೆ ಯಾರೂ ನಂಬುತ್ತಿಲ್ಲ ಎಂದಳು ಆಕೆ.

“ನಾನೂ ನಂಬಂಗಿಲ್ಲ” ಎಂದಳು ಅವ್ವ. “ಖರೇ ಹೇಳ್ಲಿಕತ್ತಿದ್ರ ಒಂದ್ ಪರೀಕ್ಷಾ ಮಾಡ್ತೀನಿ. ಆಗಬಹುದಾ ಕೇಳ್.”

ಆಕೆ ಒಪ್ಪಿದಳು. ಅವ್ವ ಚಂಚಿಯಿಂದ ಹಿತ್ತಾಳೆಯ ಡಬ್ಬಿ ತೆಗೆದಳು. ಬಿರುಕಿನ ಧೂಳು ಊದಿ, ಒದ್ದೆ ಬಟ್ಟೆಯಿಂದ ಒರೆಸಿ, ಎರಡೂ ಅಂಚನ್ನು ಹಿಡಿದು ಕೂಡಿಸುವಂತೆ ಮೂರು ಕಡೆ ಮೂರು ಬೊಟ್ಟು ಸುಣ್ಣ ಇಟ್ಟಳು. ಒಣಗಿದ ಸುಣ್ಣ ಬಳುಕುವುದಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಸೀಳುತ್ತದೆ. ನಮ್ಮ ಕಡೆ ಹಳೆಯ ಮನೆಗೆ ಹೊಸ ಫರಸಿ ಹಾಸುವ ಮೊದಲು ಗೋಡೆಯ ಬಿರುಕು ಸತ್ತಿದೆಯೋ ಜೀವಂತವೋ ಎಂದು ನೋಡುವುದು ಹೀಗೆಯೇ. ಒಂದು ದೊಡ್ಡ ಮಳೆ ಬಂದು ಹೋಗಬೇಕು, ಅಷ್ಟೆ.

“ಅತ್ತಿ, ಏರ್‌ಪೋರ್ಟಿನಾಗ ಇದನ್ನೂ ತಗೊಂಡಿದ್ರ ಏನ್ ಮಾಡ್ತಿದ್ರಿ?” ಎಂದ ಭೀಮಾಶಂಕರ.

“ನಿಮ್ಮ ತೊಗರಿ ಬ್ಯಾಳಿ ಅರ್ದು ಹಚ್ತಿದ್ದೆ. ಸುಮ್ನ ನಿಂದರ್ರಿ.”

ಮಳೆಯ ವಾರ

ಮನೆಯ ಹರಾಜಿಗೆ ಎರಡು ವಾರವಿತ್ತು. ಮೊದಲ ಏಳು ದಿನ ಆಕಾಶ ನೀಲಿಯಾಗಿತ್ತು. ರೇಣುಕಾ ಡ್ಯೂಟಿಗೆ ಹೋಗುವ ಮೊದಲೂ ಬಂದ ಮೇಲೂ ಹವಾಮಾನದ ಮಾಹಿತಿ ನೋಡುತ್ತಿದ್ದಳು. ಎಂಟನೇ ದಿನ ಮಧ್ಯಾಹ್ನ ಮೋಡ ಕಟ್ಟಿತು. ಮೂರು ದಿನ ಬಿಡದೆ ಸುರಿಯಿತು. ಬಟ್ಟೆ ಒಣಗದಿದ್ದಕ್ಕೆ ಬೀದಿಯೆಲ್ಲ ಬೇಸರಿಸುತ್ತಿದ್ದರೆ, ನಮ್ಮ ಮನೆಯಲ್ಲಿ ಮಿರ್ಚಿ ಭಜಿ ಕರಿದರು.

ನಾನು ಒಂದು ಹಟ ಹಿಡಿದೆ. ಡೆಸ್ಕಿನಲ್ಲಿ ಒಂದೇ ಮೂಲದ ಸುದ್ದಿ ಅಚ್ಚಿಗೆ ಹೋಗುತ್ತಿರಲಿಲ್ಲ. ಎರಡನೇ ಮೂಲ ಬೇಕು. ಪರವಾನಗಿ ಇರುವ ಒಬ್ಬ ಇಂಜಿನಿಯರನ್ನು ಕರೆಸಿದೆವು. ಅವ್ವನಿಗೆ ಇದು ಅವಮಾನ ಎನಿಸಬಹುದೆಂದು ರೇಣುಕಾ ಅಂಜಿದ್ದಳು. “ಕರ್ಸು” ಎಂದಳು ಅವ್ವ. “ಅಂವ ನೋಡಿದ್ದು ಅಂವ ಹೇಳ್ಲಿ.”

ಇಂಜಿನಿಯರ್ ಕೆಂಪು ಗಡ್ಡದ ಮನುಷ್ಯ. ನೆಲಮಟ್ಟ ಅಳೆದ, ಛಾವಣಿಯೊಳಗೆ ತೂರಿದ, ಚರಂಡಿಗೆ ಕ್ಯಾಮೆರಾ ಇಳಿಸಿದ. ಹಿಂಬದಿಯ ಗೋಡೆಗೆ ಬಂದು ಮಂಡಿಯೂರಿ ಕುಳಿತ. ಮೂರೂ ಬೊಟ್ಟು ಇಟ್ಟ ಹಾಗೇ ಇದ್ದವು. ಬಿಳಿ, ಗಟ್ಟಿ, ಒಂದು ಗೆರೆಯೂ ಇಲ್ಲ. ಇದನ್ನು ಹಚ್ಚಿದ್ದು ಯಾರು ಎಂದು ಕೇಳಿದ. ರೇಣುಕಾ ಅವ್ವನತ್ತ ತೋರಿಸಿದಳು. ಅವನು ಎದ್ದು ನಿಂತು ಅವ್ವನ ಕೈ ಕುಲುಕಿದ. ಈ ಕೆಲಸಕ್ಕೆ ನಾವು ಗಾಜಿನ ಪಟ್ಟಿ ಅಂಟಿಸುತ್ತೇವೆ, ಸುಣ್ಣವನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದ. ಬಿರುಕು ಹಳೆಯದು, ಚಲನೆ ನಿಂತಿದೆ ಎಂದು ವರದಿಯಲ್ಲಿ ಬರೆದ. ಬೊಟ್ಟುಗಳ ಫೋಟೋವನ್ನೂ ವರದಿಗೆ ಸೇರಿಸಿದ.

ಶನಿವಾರದ ಲಿಲಾವು

ಅಲ್ಲಿ ಮನೆಯ ಹರಾಜು ಮನೆಯ ಮುಂದಿನ ರಸ್ತೆಯಲ್ಲೇ ನಡೆಯುತ್ತದೆ. ಕೊಳ್ಳದವರೂ ಬರುತ್ತಾರೆ; ಕೈಯಲ್ಲಿ ಕಾಫಿ, ಪಕ್ಕದಲ್ಲಿ ನಾಯಿ. ಸೂಟು ಹಾಕಿದ ಹರಾಜುಗಾರ ತೋಟದ ಕಟ್ಟೆ ಹತ್ತಿ ನಿಂತ. “ಥೇಟ್ ಸೇಡಂ ತೊಗರಿ ಲಿಲಾವು. ನಾ ಸಣ್ಣಾಂವಿದ್ದಾಗಿಂದ ನೋಡೀನ್ರಿ. ಫಿಕರ್ ಮಾಡಬ್ಯಾಡ್ರಿ” ಎಂದು ಭೀಮಾಶಂಕರ ಕೈ ಕಟ್ಟಿ ಮುಂದೆ ನಿಂತ. ಕೂಗುವ ಕೆಲಸ ಅವನದೆಂದು ಮೊದಲೇ ಮಾತಾಗಿತ್ತು.

ಸ್ಪರ್ಧೆಯಲ್ಲಿದ್ದವರು ಮೂವರು. ಬಿರುಕಿನ ಫೋಟೋ ತೆಗೆದಿದ್ದ ಜೋಡಿಯೊಂದು ಬೇಗನೆ ಹಿಂದೆ ಸರಿಯಿತು. ಉಳಿದದ್ದು ನಾವು ಮತ್ತು ಬೂದು ಟೋಪಿಯ ಒಬ್ಬ ಗಂಡಸು. ಟೋಪಿಯವನು ಏರಿಸಿದ. ಹರಾಜುಗಾರ ಭೀಮಾಶಂಕರನತ್ತ ತಿರುಗಿ, ಇನ್ನೊಂದು ಮೆಟ್ಟಿಲು ಏರುತ್ತೀರಾ ಎಂದು ಕೇಳಿದ. ಭೀಮಾಶಂಕರ ನಮ್ಮಲ್ಲಿ ಹೂಂ ಅನ್ನುವಾಗ ಮಾಡುವಂತೆ ತಲೆಯನ್ನು ಆ ಕಡೆ ಈ ಕಡೆ ಆಡಿಸಿದ.

ಹರಾಜುಗಾರ, ಧನ್ಯವಾದ ಸರ್, ಎಂದು ಟೋಪಿಯವನ ಕಡೆ ತಿರುಗಿದ. ಮೊದಲ ಕರೆ ಎಂದ.

ಭೀಮಾಶಂಕರ ಇನ್ನೂ ಜೋರಾಗಿ ತಲೆಯಾಡಿಸಿದ. ಹರಾಜುಗಾರ ಸಹಾನುಭೂತಿಯಿಂದ ನೋಡಿ, ಎರಡನೇ ಕರೆ ಎಂದ.

“ಇವ್ರು ಬ್ಯಾಡ ಅನ್ಲಿಕತ್ತಾರ ಅಂತ ತಿಳ್ಕೊಂಡಾನ ಅಂವ” ಎಂದಳು ಅವ್ವ. ಅವಳು ಮಾತು ಮುಗಿಸುವ ಮೊದಲೇ ರೇಣುಕಾ ಎರಡೂ ಕೈ ಮೇಲೆತ್ತಿ ಹೆಚ್ಚಿನ ಬೆಲೆ ಕೂಗಿದ್ದಳು. ವೃದ್ಧರ ನಿದ್ದೆ ಕೆಡದಂತೆ ಆರು ವರ್ಷ ಮೆಲ್ಲಗೆ ಮಾತಾಡಿ ರೂಢಿಯಾದವಳು. ಆ ದನಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು. ಟೋಪಿಯವನು ಅವಳನ್ನು ನೋಡಿದ, ಮನೆಯನ್ನು ನೋಡಿದ. ಅಷ್ಟರಲ್ಲಿ ಹಿಂದಿನ ಹಳಿಯಲ್ಲಿ ಉದ್ದನೆಯ ಗೂಡ್ಸ್ ಒಂದು ಹೊರಟಿತು. ಅದು ದಾಟಿ ಮುಗಿಯುವವರೆಗೆ ಹರಾಜುಗಾರ ಕಾಯಬೇಕಾಯಿತು. ಟೋಪಿಯವನು ಡಬ್ಬಿಗಳನ್ನು ಎಣಿಸುವಂತೆ ನಿಂತಿದ್ದು, ಕೊನೆಯ ಡಬ್ಬಿ ಹೋದ ಮೇಲೆ ಕೈ ಜೇಬಿಗೆ ಹಾಕಿಕೊಂಡ.

ಮೂರನೇ ಕರೆ ನಮ್ಮ ಹೆಸರಿಗಾಯಿತು. ಗುರುತಿಲ್ಲದ ನೆರೆಯವರು ಚಪ್ಪಾಳೆ ತಟ್ಟಿದರು. ವಿಯೆಟ್ನಾಮಿನ ಹೆಂಗಸು ಕಾರಿನಿಂದ ಇಳಿದು ಓಡಿಬಂದು ಅವ್ವನನ್ನು ಅಪ್ಪಿಕೊಂಡಳು.

ಮನೆಯ ಕೀಲಿ ಕೈಗೆ ಬಂದ ದಿನ ಅವ್ವ ರಟ್ಟಿನ ಪೆಟ್ಟಿಗೆ ಬಿಚ್ಚಿಸಿದಳು. ಹಿಂಬಾಗಿಲ ಹೊಸ್ತಿಲ ಬಳಿ ನೆಲದ ಎರಡು ಟೈಲ್ಸ್ ಕೀಳಿಸಿ, ಅಳಿಯನಿಂದ ಗಚ್ಚು ಕಲಸಿಸಿ, ಅಪ್ಪನ ಫರಸಿಯನ್ನು ತಾನೇ ಕೂರಿಸಿದಳು. ಮೂರು ದಿನ ಯಾರೂ ಅದರ ಮೇಲೆ ಕಾಲಿಡುವಂತಿರಲಿಲ್ಲ. ನಾಲ್ಕನೇ ದಿನ ಸೆರಗಿನ ಕೀಲಿ ಬಿಚ್ಚಿ ಭೀಮಾಶಂಕರನ ಕೈಗೆ ಕೊಟ್ಟಳು. ಅವನು ಕುಳಿತು ತಟ್ಟಿದ. ಮೂಲೆಯಿಂದ ಮೂಲೆಯವರೆಗೆ ಒಂದೇ ಗಟ್ಟಿ ದನಿ.

“ಪಾಸಾ ಫೇಲಾ ಹೇಳ್ರಿ, ಅಳಿಯಾರ.”

“ಪಾಸ್ ರಿ, ಅತ್ತಿ.”

ಶಹಾಬಾದ

ಊರಿಗೆ ಮರಳಿದ ತಿಂಗಳಲ್ಲೇ ಈ ಕಥನ ಬರೆಯಲು ಕುಳಿತಿದ್ದೆ. ಅವ್ವ ತಡೆದಳು. “ಒಂದ್ ಮಳಿಗಿ ಏನ್ ತಿಳೀತದ? ನಾ ಆ ಸೇಡಂ ಏಜೆಂಟನ ಮುಂದ ಏನ್ ಅಂದಿದ್ದೆ? ಮೂರು ಮಳಿ ಆಗ್ಲಿ.” ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಖಚಿತವಾಗದ ಸುದ್ದಿಯನ್ನು ನಾನೂ ಎಷ್ಟೋ ಸಲ ತಡೆಹಿಡಿದಿದ್ದೇನೆ.

ವರ್ಷಕ್ಕೊಮ್ಮೆ, ಅಲ್ಲಿನ ಚಳಿಗಾಲದ ಮಳೆ ಮುಗಿದ ಮೇಲೆ, ರೇಣುಕಾ ಹಿಂಬದಿಯ ಗೋಡೆಯ ಫೋಟೋ ಕಳಿಸುತ್ತಾಳೆ. ಗೋಡೆಗೆ ಬಣ್ಣ ಹಚ್ಚಿಸಿದಾಗಲೂ ಆ ಮೂರು ಬೊಟ್ಟುಗಳನ್ನು ಬಿಟ್ಟೇ ಹಚ್ಚಿಸಿದ್ದಾಳೆ. ಬಣ್ಣದವನು ಎರಡು ಸಲ ಕೇಳಿದನಂತೆ.

ಮೂರನೆಯ ಫೋಟೋ ಹೋದ ವಾರ ಬಂತು. ಅವ್ವ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಕನ್ನಡಕ ಹಾಕಿಕೊಂಡು, “ದೊಡ್ಡದ ಮಾಡು” ಎಂದಳು. ಮಾಡಿದೆ. “ಇನ್ನಾ ದೊಡ್ಡದ.” ಒಂದೊಂದೇ ಬೊಟ್ಟನ್ನು ಬಹಳ ಹೊತ್ತು ನೋಡಿದಳು. ಎಲ್ಲಿಯೂ ಗೆರೆ ಇರಲಿಲ್ಲ.

ಫೋನು ನನ್ನ ಕೈಗೆ ಕೊಟ್ಟು, ಚಂಚಿ ಬಿಚ್ಚಿ, ಎಲೆಯ ಬೆನ್ನಿಗೆ ಸುಣ್ಣ ಸವರುತ್ತ ಹೇಳಿದಳು.

“ಈಗ ಬರಿ.”